ಯೇಸುವಿನ ಜೀವನವನ್ನು ತೋರಿಸುವ ಚಲನಚಿತ್ರಗಳನ್ನು ವಿಶ್ವಾಸಿಗಳು ನೋಡಬಹುದೇ?

ಚಿಂಚವಾಡ ಶಿಕ್ಷಕ — ಪ್ರಶ್ನೆ

ಕರ್ತನ ನಾಮದಲ್ಲಿ ಎಲ್ಲರಿಗೂ ವಂದನೆಗಳು. ನಾನು ಹುಬ್ಬಳ್ಳಿಯ ಬಾಸೆಲ್ ಮಿಷನ್ ಮನೆತನದವನು. ಹದಿನಾರು ವರ್ಷಗಳಿಂದ ಪುಣೆಯ ಚಿಂಚವಾಡದಲ್ಲಿ ನೆಲೆಸಿದ್ದೇನೆ. ಇಲ್ಲಿನ ಚಿಕ್ಕದೊಂದು ಕನ್ನಡ ಸಭೆಯಲ್ಲಿ ಭಾನುವಾರ ಶಾಲೆಯ ದೊಡ್ಡ ಮಕ್ಕಳಿಗೆ ಪಾಠ ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ. ಕಳೆದ ತಿಂಗಳ ಪರೀಕ್ಷೆಯಲ್ಲಿ ನಾನು ಕೇಳಿದ ಒಂದು ಪ್ರಶ್ನೆಯೇ ಈ ಬರಹಕ್ಕೆ ಕಾರಣ.

'ಶಿಲುಬೆಗೆ ಹಾಕುವ ಸ್ಥಳಕ್ಕೆ ಯೇಸುವನ್ನು ಕರೆದೊಯ್ಯುವಾಗ ದಾರಿಯಲ್ಲಿ ನಡೆದದ್ದೇನು? ಲೂಕ 23ನೆಯ ಅಧ್ಯಾಯದಿಂದ ಬರೆಯಿರಿ' ಎಂದು ಕೇಳಿದ್ದೆ. ಲೂಕನು ಅಲ್ಲಿ ಹೇಳುವುದು ಹೆಚ್ಚೇನಿಲ್ಲ. ಹಳ್ಳಿಯ ಕಡೆಯಿಂದ ಬರುತ್ತಿದ್ದ ಕುರೇನ್ಯದ ಸೀಮೋನನ ಮೇಲೆ ಶಿಲುಬೆಯನ್ನು ಹೊರಿಸಿದರು. ಎದೆ ಬಡಿದುಕೊಂಡು ಹಿಂದೆ ಬರುತ್ತಿದ್ದ ಹೆಂಗಸರಿಗೆ, ನನಗಾಗಿ ಅಳದೆ ನಿಮಗಾಗಿಯೂ ನಿಮ್ಮ ಮಕ್ಕಳಿಗಾಗಿಯೂ ಅಳಿರಿ ಎಂದು ಆತನು ಹೇಳಿದನು. ಇನ್ನಿಬ್ಬರು ದುಷ್ಕರ್ಮಿಗಳನ್ನೂ ಜೊತೆಯಲ್ಲಿ ಕರೆದೊಯ್ದರು. ಹನ್ನೊಂದು ಉತ್ತರಪತ್ರಿಕೆಗಳ ಪೈಕಿ ಏಳರಲ್ಲಿ ಯೇಸು ಮೂರು ಸಲ ಬಿದ್ದನೆಂದೂ ಒಬ್ಬ ಹೆಂಗಸು ಬಟ್ಟೆಯಿಂದ ಆತನ ಮುಖ ಒರೆಸಿದಳೆಂದೂ ಇತ್ತು. ಒಬ್ಬ ಹುಡುಗಿಯಂತೂ ಕಾಗೆಯೊಂದು ಕಳ್ಳನ ಕಣ್ಣು ಕುಕ್ಕಿತೆಂದು ಬರೆದಿದ್ದಳು. ಅಳುವ ಹೆಂಗಸರಿಗೆ ಯೇಸು ಹೇಳಿದ ಮಾತನ್ನು ಬರೆದವರು ಇಬ್ಬರೇ.

ವಿಚಾರಿಸಿದಾಗ ತಿಳಿದುಬಂದದ್ದು ಇಷ್ಟು: 2004ರಲ್ಲಿ ಬಂದ 'ದಿ ಪ್ಯಾಶನ್ ಆಫ್ ದಿ ಕ್ರೈಸ್ಟ್' ಚಿತ್ರವನ್ನು ಒಂದು ಮನೆಯಲ್ಲಿ ಮಕ್ಕಳೆಲ್ಲ ಸೇರಿ ಫೋನಿನಲ್ಲಿ ನೋಡಿದ್ದರು. ಈಗ ನಮ್ಮ ಯುವಜನ ಕೂಟದವರು ಅದೇ ಚಿತ್ರವನ್ನು ಶುಭ ಶುಕ್ರವಾರದ ಸಂಜೆ ಸಭಾಮಂದಿರದ ಒಳಗೇ ದೊಡ್ಡ ಪರದೆಯ ಮೇಲೆ ತೋರಿಸಬೇಕೆಂದು ಮನವಿ ಕೊಟ್ಟಿದ್ದಾರೆ. ಸಮಿತಿಯ ಹಿರಿಯರಲ್ಲಿ ಕೆಲವರು ಮೂರ್ತಿಯನ್ನಾಗಲಿ ರೂಪವನ್ನಾಗಲಿ ಮಾಡಿಕೊಳ್ಳಬಾರದೆಂಬ ದಶಾಜ್ಞೆಯ ಮಾತನ್ನು ಎತ್ತುತ್ತಾರೆ, ಇನ್ನು ಕೆಲವರು 'ಆ ನೆಪದಲ್ಲಾದರೂ ಹುಡುಗರು ಬರಲಿ' ಎನ್ನುತ್ತಾರೆ. ನನ್ನ ತಂದೆಯವರ ಮನೆಯ ಗೋಡೆಯಲ್ಲಿ ವಚನ ಬರೆದ ಹಲಗೆಗಳಿದ್ದವೇ ಹೊರತು ಒಂದು ಚಿತ್ರವೂ ಇರಲಿಲ್ಲ. ಹಾಗಿದ್ದರೂ 'ಯಾಕೆ ನೋಡಬಾರದು' ಎಂದು ಮಕ್ಕಳು ಕೇಳಿದರೆ 'ನಮ್ಮ ಮನೆಯಲ್ಲಿ ರೂಢಿಯಿಲ್ಲ' ಎನ್ನುವುದಕ್ಕಿಂತ ಗಟ್ಟಿಯಾದ ಉತ್ತರ ನನ್ನ ಬಳಿ ಇಲ್ಲ. ಇಂಥ ಚಿತ್ರಗಳನ್ನು ನೋಡುವುದೇ ತಪ್ಪೋ, ಅಥವಾ ನೋಡುವ ರೀತಿಯಲ್ಲಿ ತಪ್ಪಿದೆಯೋ ತಿಳಿದವರು ಹೇಳಬೇಕು. ಆ ಏಳು ಮಕ್ಕಳಿಗೆ ಎಷ್ಟು ಅಂಕ ಕೊಡಬೇಕೆಂಬುದನ್ನೂ ಹೇಳಿದರೆ ಉಪಕಾರವಾದೀತು.

ನಿವೃತ್ತ ಸಭಾಪಾಲಕ, ಮುಂಬೈ

ಪ್ರಿಯ ಸಹೋದರರೇ, ಅಂಕದ ವಿಷಯವನ್ನು ಆಮೇಲೆ ನೋಡೋಣ. ನಿಮ್ಮ ತಂದೆಯವರ ಮನೆಯಲ್ಲಿ ಚಿತ್ರಗಳಿರಲಿಲ್ಲ ಎಂಬುದು ಬರಿಯ ರೂಢಿಯಲ್ಲ, ಅದರ ಹಿಂದೆ ಉದ್ದವಾದ ಚರಿತ್ರೆಯಿದೆ. ಅದನ್ನು ಮಕ್ಕಳಿಗೆ ಹೇಳಬಹುದು.

ವಿಮೋಚನಕಾಂಡ 20ರಲ್ಲಿರುವ ಆ ಆಜ್ಞೆ ಎಲ್ಲರಿಗೂ ಬಾಯಿಪಾಠವಾಗಿದೆ. ಆದರೆ ಅದರ ಕಾರಣವನ್ನು ಬಿಡಿಸಿ ಹೇಳುವುದು ಧರ್ಮೋಪದೇಶಕಾಂಡದ 4ನೆಯ ಅಧ್ಯಾಯ: ಹೋರೇಬ್ ಬೆಟ್ಟದಲ್ಲಿ ಯೆಹೋವನು ಬೆಂಕಿಯೊಳಗಿಂದ ಮಾತನಾಡಿದ ದಿನ ನೀವು ಯಾವ ರೂಪವನ್ನೂ ನೋಡಲಿಲ್ಲ, ಸ್ವರವನ್ನು ಮಾತ್ರ ಕೇಳಿದಿರಿ, ಆದಕಾರಣ ಎಚ್ಚರಿಕೆಯಾಗಿರಿ ಎಂದು ಮೋಶೆ ಅಲ್ಲಿ ಹೇಳುತ್ತಾನೆ. ಕಣ್ಣಿಗಿಂತ ಕಿವಿಗೆ ಮೊದಲ ಸ್ಥಾನ ಕೊಡುವ ನಮ್ಮ ಪದ್ಧತಿಯ ಬೇರು ಅಲ್ಲಿದೆ. ಈ ಆಜ್ಞೆಯನ್ನು ನಮ್ಮಂಥ ಸುಧಾರಿತ ಸಭೆಗಳವರು ಎರಡನೆಯದೆಂದು ಪ್ರತ್ಯೇಕವಾಗಿ ಎಣಿಸುತ್ತೇವೆ. ಕಥೋಲಿಕರೂ ಲೂಥರನ ಸಭೆಯವರೂ ಅದನ್ನು ಮೊದಲನೆಯ ಆಜ್ಞೆಯೊಳಗೇ ಸೇರಿಸುತ್ತಾರೆ. ಎಣಿಕೆಯ ಈ ಸಣ್ಣ ವ್ಯತ್ಯಾಸ ಗೋಡೆಗಳ ಮೇಲೆ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದನ್ನು ಮುಂಬೈಯ ಯಾವ ಬೀದಿಯಲ್ಲಿಯಾದರೂ ಎರಡು ದೇವಾಲಯಗಳನ್ನು ಹೊಕ್ಕು ನೋಡಿದರೆ ತಿಳಿಯುತ್ತದೆ.

ನಮ್ಮ ಹಿರಿಯರಿಗೆ ಸುವಾರ್ತೆಯನ್ನು ತಂದ ಮಿಷನ್ನಿಗೆ ಹೆಸರು ಕೊಟ್ಟ ಬಾಸೆಲ್ ಪಟ್ಟಣದಲ್ಲೇ 1529ರಲ್ಲಿ ಜನರು ದೇವಾಲಯಗಳಿಗೆ ನುಗ್ಗಿ ಪ್ರತಿಮೆಗಳನ್ನು ಒಡೆದರು. ಅದನ್ನು ಸಹಿಸಲಾರದೆ ಎರಾಸ್ಮಸ್ ಪಂಡಿತನು ಊರನ್ನೇ ಬಿಟ್ಟುಹೋದನು. ಸುಧಾರಿತ ಸಭೆಗಳ ಬೋಧನಾಗ್ರಂಥವಾದ 1563ರ ಹೈಡಲ್‌ಬರ್ಗ್ ಪ್ರಶ್ನೋತ್ತರದ 98ನೆಯ ಪ್ರಶ್ನೆಯು ನಿಮ್ಮ ಯುವಜನರ ವಾದವನ್ನೇ ಮುಂದಿಟ್ಟುಕೊಂಡು ಬರೆದಂತಿದೆ: ಓದುಬರಹ ಬಾರದವರಿಗೆ ಪುಸ್ತಕದ ಬದಲಿಗೆ ಸಭೆಯಲ್ಲಿ ಚಿತ್ರಗಳನ್ನು ಇಡಬಹುದಲ್ಲವೇ? ಅದಕ್ಕೆ ಉತ್ತರ, ಇಲ್ಲ. ನಾವು ದೇವರಿಗಿಂತ ಬುದ್ಧಿವಂತರಾಗಬಾರದು, ಆತನು ತನ್ನ ಜನರಿಗೆ ಮೂಕ ಚಿತ್ರಗಳಿಂದಲ್ಲ, ಜೀವವುಳ್ಳ ವಾಕ್ಯದ ಬೋಧನೆಯಿಂದ ಕಲಿಸಲು ಬಯಸುತ್ತಾನೆ ಎಂಬುದು. ಚಲನಚಿತ್ರ ಮೂಕವಲ್ಲವಲ್ಲ ಎಂದು ಯುವಜನರು ತಕ್ಷಣ ಹೇಳುತ್ತಾರೆ. ಹೇಳಲಿ, ಜಾಣತನದ ಮಾತೇ. ಮುಂದಿನ ಶತಮಾನದಲ್ಲಿ ವೆಸ್ಟ್‌ಮಿನ್‌ಸ್ಟರ್‌ನ ವಿಸ್ತಾರವಾದ ಪ್ರಶ್ನೋತ್ತರ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ತ್ರಿಯೇಕ ದೇವರಲ್ಲಿ ಯಾರ ರೂಪವನ್ನೂ ಹೊರಗೆ ಚಿತ್ರಿಸಬಾರದು ಎಂದಷ್ಟೇ ಅಲ್ಲ, ಮನಸ್ಸಿನೊಳಗೂ ಕಲ್ಪಿಸಿಕೊಳ್ಳಬಾರದು ಎಂದಿತು. ಲೂಕನ ಸುವಾರ್ತೆಯನ್ನು ಓದುವಾಗ ಮನಸ್ಸಿನಲ್ಲಿ ಏನೂ ಮೂಡದಂತೆ ಓದುವುದು ನನಗಂತೂ ಒಂದು ದಿನವೂ ಸಾಧ್ಯವಾಗಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಇನ್ನೊಂದು ಮಗ್ಗುಲನ್ನೂ ಮುಚ್ಚಿಡಬಾರದು. 1522ರಲ್ಲಿ ವಿಟೆನ್‌ಬರ್ಗಿನಲ್ಲಿ ಚಿತ್ರಗಳನ್ನು ಕಿತ್ತುಹಾಕುವ ಗಲಭೆ ಎದ್ದಾಗ ಅಡಗುತಾಣವಾಗಿದ್ದ ಕೋಟೆಯಿಂದ ಇಳಿದುಬಂದು ಅದನ್ನು ತಣಿಸಿದವನು ಲೂಥರನೇ. ಬಾಸೆಲ್ ಮಿಷನ್ನಿನಲ್ಲಿ ಲೂಥರನ ಕಡೆಯವರೂ ಸುಧಾರಿತ ಸಭೆಗಳವರೂ ಕೂಡಿಯೇ ದುಡಿದರು. ಆದುದರಿಂದ 'ನಮ್ಮ ಸಂಪ್ರದಾಯ ಇಷ್ಟೇ' ಎಂದು ಒಂದೇ ಏಟಿಗೆ ಹೇಳಲು ನನಗೆ ಧೈರ್ಯವಿಲ್ಲ. ಅರಣ್ಯಕಾಂಡದಲ್ಲಿ ಹಾವು ಕಚ್ಚಿದವರು ದೇವರೇ ಮಾಡಿಸಿದ ತಾಮ್ರದ ಸರ್ಪವನ್ನು ನೋಡಿ ಬದುಕಿದರು. ಜನರು ಅದಕ್ಕೆ ಧೂಪ ಹಾಕತೊಡಗಿದಾಗ ಅದೇ ಸರ್ಪವನ್ನು ಅರಸನಾದ ಹಿಜ್ಕೀಯನು ಒಡೆದು ಚೂರುಮಾಡಿದನು. ಎರಡೂ ಕಡೆ ಸರ್ಪ ಒಂದೇ ಆಗಿತ್ತು ಎಂಬುದನ್ನು ನೆನಪಿಡಬೇಕು.

ನನ್ನ ಅಭಿಪ್ರಾಯ ಹೀಗಿದೆ. ಮನೆಯಲ್ಲಿ ಕುಳಿತು ಇಂಥ ಚಿತ್ರವನ್ನು ನೋಡಿದ ವಿಶ್ವಾಸಿಯನ್ನು ನಾನು ತಪ್ಪಿತಸ್ಥನೆನ್ನುವುದಿಲ್ಲ, ನಾನೂ ನೋಡಿದ್ದೇನೆ. ಆದರೆ ಆರಾಧನೆಯ ಸ್ಥಳದಲ್ಲಿ, ಅದೂ ಶುಭ ಶುಕ್ರವಾರದಂದು, ವಾಕ್ಯ ಓದಬೇಕಾದ ಹೊತ್ತಿನಲ್ಲಿ ವೇದಿಕೆಯ ಮುಂದೆ ಪರದೆ ಇಳಿಬಿಡುವುದನ್ನು ಒಪ್ಪಲಾರೆ. ಅದರಲ್ಲಿಯೂ ಆ ಚಿತ್ರವನ್ನು ಮಕ್ಕಳ ಮುಂದೆ ಇಡುವುದು ಸರಿಯಲ್ಲ. ಕೊರಡೆಯ ಹೊಡೆತದ ಸಂಗತಿಯನ್ನು ಯೋಹಾನನು ಒಂದು ಚಿಕ್ಕ ವಚನದಲ್ಲಿ ಮುಗಿಸುತ್ತಾನೆ, ಮಾರ್ಕನಿಗೆ ಒಂದು ವಾಕ್ಯದ ತುಣುಕು ಸಾಕಾಗುತ್ತದೆ. ಲೂಕನಂತೂ ಹೊಡೆಸಿ ಬಿಡುತ್ತೇನೆಂದು ಪಿಲಾತನು ಹೇಳಿದ್ದನ್ನು ಬರೆಯುತ್ತಾನೆಯೇ ವಿನಾ ಹೊಡೆದದ್ದನ್ನು ವರ್ಣಿಸುವುದೇ ಇಲ್ಲ. ಸುವಾರ್ತೆಯನ್ನು ಬರೆದ ನಾಲ್ವರೂ ಇಷ್ಟು ಬಿಗಿಯಾಗಿ ಬಾಯಿ ಮುಚ್ಚಿಕೊಂಡ ಕಡೆಯಲ್ಲಿ ಚಿತ್ರ ತಯಾರಿಸಿದವರು ನಿಮಿಷಗಟ್ಟಲೆ ನಿಂತಿದ್ದಾರೆ. ಅದು ಭಕ್ತಿಯಿಂದಲೇ ಆಗಿರಬಹುದು, ಆದರೆ ಸುವಾರ್ತೆಯ ಹದ ಅದಲ್ಲ.

ವಾಸ್ಕೋ ಕನ್ನಡಿಗ

ಅಯ್ಯನವರಿಗೂ ಶಿಕ್ಷಕರಿಗೂ ನಮಸ್ಕಾರ. ನಾನು ಕಥೋಲಿಕ, ಗೋವೆಯ ವಾಸ್ಕೋದಲ್ಲಿ ಹಡಗುಕಟ್ಟೆಯ ಕೆಲಸದಲ್ಲಿದ್ದೇನೆ. ಮುಖ ಒರೆಸಿದ ಹೆಂಗಸಿನ ವಿಷಯದಲ್ಲಿ ನಿಮ್ಮ ಮಕ್ಕಳು ತಪ್ಪು ಮಾಡಿದ್ದಾರೆ ಎಂಬುದನ್ನು ಓದಿ ನಗು ಬಂತು, ಏಕೆಂದರೆ ನಮ್ಮ ಮಕ್ಕಳು ಅದನ್ನು ಬರೆಯದಿದ್ದರೆ ಉಪದೇಶಿಗಳು ಬೇಸರಪಟ್ಟುಕೊಳ್ಳುತ್ತಾರೆ. ವೆರೋನಿಕ ಮುಖ ಒರೆಸುವುದು, ಸ್ವಾಮಿಯ ಯಾತನೆಯನ್ನು ಸ್ಥಳಸ್ಥಳವಾಗಿ ಧ್ಯಾನಿಸುವ ನಮ್ಮ 'ಶಿಲುಬೆಯ ಹಾದಿ' ಪ್ರಾರ್ಥನೆಯ ಆರನೆಯ ಸ್ಥಳ. ಮೂರು ಬಾರಿ ಬೀಳುವುದು ಮೂರನೆಯ, ಏಳನೆಯ, ಒಂಬತ್ತನೆಯ ಸ್ಥಳಗಳು. ಇವು ಶುಭಸಂದೇಶಗಳಲ್ಲಿಲ್ಲ, ಪರಂಪರೆಯಿಂದ ಬಂದವು ಎಂಬುದನ್ನು ನಾವೂ ಬಲ್ಲೆವು. ಎರಡನೆಯ ಜಾನ್ ಪಾಲ್ ಜಗದ್ಗುರುಗಳೇ 1991ರ ಶುಭ ಶುಕ್ರವಾರದಂದು ರೋಮಿನ ಕೊಲೋಸಿಯಮ್ಮಿನಲ್ಲಿ ಕೇವಲ ಪವಿತ್ರ ಗ್ರಂಥದ ಘಟನೆಗಳಿರುವ ಇನ್ನೊಂದು ಶಿಲುಬೆಯ ಹಾದಿಯನ್ನು ನಡೆಸಿದರು. ಅದರಲ್ಲಿ ವೆರೋನಿಕಳೂ ಇಲ್ಲ, ಮೂರು ಬೀಳುವಿಕೆಗಳೂ ಇಲ್ಲ. ಎರಡೂ ಕ್ರಮಗಳು ನಮ್ಮಲ್ಲಿವೆ. ಯಾವುದು ಎಲ್ಲಿಂದ ಬಂತು ಎಂದು ಹೇಳಿಕೊಟ್ಟರೆ ಮಕ್ಕಳು ಗೊಂದಲಕ್ಕೆ ಬೀಳುವುದಿಲ್ಲ.

ಅಯ್ಯನವರು ಹೋರೇಬಿನ ಮಾತನ್ನು ಸರಿಯಾಗಿಯೇ ಎತ್ತಿದರು. ಆದರೆ ಹೋರೇಬಿನ ನಂತರ ಬೆತ್ಲೆಹೇಮು ಬಂತು. ಎಂಟನೆಯ ಶತಮಾನದಲ್ಲಿ ದಮಸ್ಕದ ಸಂತ ಯೋಹಾನರು ಹಿಡಿದ ವಾದ ಇದೇ: ದೇಹವಿಲ್ಲದ ದೇವರನ್ನು ಚಿತ್ರಿಸಲು ಹಿಂದೆ ಸಾಧ್ಯವಿರಲಿಲ್ಲ, ಅವರು ಮಾನವದೇಹದಲ್ಲಿ ಕಾಣಿಸಿಕೊಂಡ ಮೇಲೆ ಕಂಡದ್ದನ್ನು ಚಿತ್ರಿಸಬಹುದು. 787ರ ಎರಡನೆಯ ನಿಸೆಯಾ ಮಹಾಸಭೆ ಇದನ್ನು ಒಪ್ಪಿ, ಆರಾಧನೆ ದೇವರಿಗೆ ಮಾತ್ರ, ಚಿತ್ರಕ್ಕೆ ಸಲ್ಲುವುದು ಗೌರವ, ಆ ಗೌರವವೂ ಚಿತ್ರದಲ್ಲಿರುವವರಿಗೇ ಮುಟ್ಟುತ್ತದೆ ಎಂದು ಹೇಳಿತು. ಯೇಸುಸ್ವಾಮಿಯ ಮುಖವನ್ನು ತೋರಿಸಲೇಬಾರದು ಎನ್ನುವವರಿಗೆ, ಅವರಿಗೆ ನಿಜವಾಗಿಯೂ ಮುಖವಿತ್ತೆಂದು ನಂಬುತ್ತೀರಷ್ಟೆ ಎಂದು ಕೇಳಬೇಕೆನಿಸುತ್ತದೆ.

ಗೋವೆಯಲ್ಲಿ ತಪಸ್ಸುಕಾಲದ ಭಾನುವಾರಗಳಂದು ಇಗರ್ಜಿಗಳಲ್ಲಿ 'ಪಾಸ್ಸೊ' ಎಂದು ಸ್ವಾಮಿಯ ಯಾತನೆಯ ಒಂದೊಂದು ಘಟ್ಟವನ್ನು ದೃಶ್ಯವಾಗಿ ತೋರಿಸುವುದುಂಟು. ಶುಭ ಶುಕ್ರವಾರ ಗಂಟೆಯ ಬದಲಿಗೆ ಮರದ ಗಿಲಕಿಯ ಸದ್ದು ಕೇಳಿಸುತ್ತದೆ. ಸಿನಿಮಾ ಬರುವುದಕ್ಕೆ ಎಷ್ಟೋ ಮೊದಲಿನಿಂದ ನಮ್ಮ ಜನ ಈ ಕಥೆಯನ್ನು ಕಣ್ಣಿನಿಂದ ನೋಡುತ್ತಲೇ ಬಂದಿದ್ದಾರೆ. 1616ರಲ್ಲಿ ರಾಚೋಲಿನಲ್ಲಿ ಅಚ್ಚಾದ 'ಕ್ರಿಸ್ತಪುರಾಣ'ವನ್ನೇ ನೋಡಿ. ಥಾಮಸ್ ಸ್ಟೀಫನ್ಸ್ ಎಂಬ ಇಂಗ್ಲಿಷ್ ಯೇಸುಸಭೆಯ ಗುರುಗಳು ಸುಮಾರು ಹನ್ನೊಂದು ಸಾವಿರ ಓವಿ ಎಂಬ ಪದ್ಯಗಳಲ್ಲಿ, ಇಲ್ಲಿನ ಪುರಾಣಗಳ ಧಾಟಿಯಲ್ಲಿ, ಮರಾಠಿಯಲ್ಲಿ ಅದನ್ನು ಬರೆದರು. ಕಾಲಕ್ಕೆ ತಕ್ಕ ರೂಪದಲ್ಲಿ ಕಥೆ ಹೇಳುವುದು ಹೊಸ ರೋಗವೇನಲ್ಲ. ಆದರೂ ಆ ರಕ್ತಮಯ ಚಿತ್ರವನ್ನು ಮಕ್ಕಳಿಗೆ ತೋರಿಸಬಾರದೆಂಬ ಮಾತಿಗೆ ನನ್ನ ಒಪ್ಪಿಗೆಯಿದೆ. ನಾನು ಒಮ್ಮೆ ನೋಡಿದೆ, ಎರಡನೆಯ ಸಲ ನೋಡಲಾಗಲಿಲ್ಲ.

ಗೋರೆಗಾಂವ್ ಸಂಕಲನಕಾರ

ನಾನು ಕ್ರೈಸ್ತನಲ್ಲ. ಉಡುಪಿಯ ಕಡೆಯವನು, ಇಪ್ಪತ್ತೆರಡು ವರ್ಷಗಳಿಂದ ಮುಂಬೈಯಲ್ಲಿ ಚಿತ್ರಗಳ ಸಂಕಲನ, ಡಬ್ಬಿಂಗ್ ಕೆಲಸ ಮಾಡಿಕೊಂಡಿದ್ದೇನೆ. ಕ್ರಿಸ್ತನ ಶಿಲುಬೆಯ ಮರಣದ ಮೇಲೆ ಗೋವಿಂದ ಪೈಗಳು ಬರೆದ 'ಗೊಲ್ಗೊಥಾ' ಕಾವ್ಯವನ್ನು ಓದಿದವನೆಂಬ ಸಲುಗೆಯಿಂದ ಈ ಚರ್ಚೆಗೆ ತಲೆ ಹಾಕುತ್ತಿದ್ದೇನೆ, ಮನ್ನಿಸಬೇಕು. ಧರ್ಮಶಾಸ್ತ್ರದ ಮಾತು ನನ್ನದಲ್ಲ, ಕಸುಬಿನ ಮಾತು ಮಾತ್ರ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಯೇಸುವಿನ ಕಥೆಯಿದ್ದ ವಿದೇಶಿ ಧಾರಾವಾಹಿಯೊಂದನ್ನು ಕನ್ನಡಕ್ಕೆ ಡಬ್ ಮಾಡುವ ಕೆಲಸ ನಮ್ಮ ಸ್ಟುಡಿಯೋಗೆ ಬಂದಿತ್ತು. ಸಂಭಾಷಣೆ ಬರೆಯುವವರು ಪಕ್ಕದಲ್ಲಿ ಕನ್ನಡ ಬೈಬಲ್ ಇಟ್ಟುಕೊಂಡೇ ಕುಳಿತಿದ್ದರು. ಆದರೆ ಡಬ್ಬಿಂಗ್‌ನಲ್ಲಿ ಮಾತನ್ನು ತುಟಿಗೆ ಕೂರಿಸಬೇಕು. ನಟನ ತುಟಿ ಮುಚ್ಚಿದ ಕಡೆ ಪ, ಬ, ಮ ಬರಬೇಕು. ಅವನ ಬಾಯಿ ನಿಂತಾಗ ನಮ್ಮ ವಾಕ್ಯವೂ ನಿಲ್ಲಬೇಕು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಅವನು ಮುಖ್ಯವಾದ ಪದವನ್ನು ಹೇಳಿ ಹುಬ್ಬೇರಿಸುವ ಹೊತ್ತಿಗೆ ನಮ್ಮವನು ಇನ್ನೂ ವಾಕ್ಯದ ಮಧ್ಯದಲ್ಲಿರುತ್ತಾನೆ. ಹೀಗಾಗಿ ಬೈಬಲಿನ ವಾಕ್ಯವನ್ನು ಮುರಿದೆವು, ಮೊಟಕುಮಾಡಿದೆವು, ಒಂದೆರಡು ಕಡೆ ತುಟಿಗೆ ಹೊಂದುವ ಬೇರೆ ಪದವನ್ನೇ ಹಾಕಿದೆವು. ಅದರಲ್ಲಿ ದುರುದ್ದೇಶವೇನೂ ಇರಲಿಲ್ಲ, ಕೆಲಸ ನಡೆಯುವುದೇ ಹಾಗೆ. ನೋಡುವವರು ಮಾತ್ರ 'ಯೇಸು ಹೀಗೆಂದನು' ಎಂದು ಮನೆಗೆ ಹೋಗುತ್ತಾರೆ.

ಆ ಕೆಲಸದ ಸಮಯದಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಒಂದು ದೃಶ್ಯ. ಶಿಷ್ಯನಾದ ಪೇತ್ರನು ಮೂರನೆಯ ಬಾರಿ ಯೇಸುವನ್ನು ಅರಿಯೆನೆಂದು ಹೇಳಿದೊಡನೆ ಕೋಳಿ ಕೂಗುತ್ತದೆ. ಸ್ವಾಮಿಯು ತಿರುಗಿ ಪೇತ್ರನನ್ನು ನೋಡಿದನು ಎಂದು ಲೂಕನ ಪುಸ್ತಕದಲ್ಲಿದೆ. ಅಷ್ಟೇ. ಯಾವ ನೋಟವದು? ಸಿಟ್ಟೋ, ಮರುಕವೋ, 'ಹೇಳಿರಲಿಲ್ಲವೇ' ಎಂಬ ನೆನಪೋ, ಸೋತುಹೋದ ಮನುಷ್ಯನ ಬಳಲಿಕೆಯೋ? ಬರೆದವನು ಹೇಳಲಿಲ್ಲ. ಓದುವವನು ಹತ್ತು ವರ್ಷಕ್ಕೊಮ್ಮೆ ಆ ನೋಟವನ್ನು ಬೇರೆಬೇರೆಯಾಗಿ ಅನುಭವಿಸಬಹುದು. ಆದರೆ ಕ್ಯಾಮೆರಾದ ಮುಂದೆ ನಿಂತ ನಟ ಏನನ್ನಾದರೂ ಒಂದನ್ನು ಮುಖದ ಮೇಲೆ ತರಲೇಬೇಕು. ಬಂದದ್ದರಲ್ಲಿ ನಾವು ಒಂದು ಟೇಕನ್ನು ಆರಿಸಿ ಉಳಿದವನ್ನು ಬಿಸಾಡುತ್ತೇವೆ. ಲೂಕನು ಬಿಟ್ಟ ಜಾಗವನ್ನು ಸಂಕಲನದ ಮೇಜಿನ ಮೇಲೆ ಮುಚ್ಚಿದವರಲ್ಲಿ ನಾನೂ ಒಬ್ಬ. ನನ್ನ ದೃಷ್ಟಿಯಲ್ಲಿ ಸೇರಿಸಿದ ಕಾಗೆಗಿಂತ ಇದು ದೊಡ್ಡ ವಿಷಯ. ಏಕೆಂದರೆ ಕಾಗೆ ಪುಸ್ತಕದಲ್ಲಿಲ್ಲವೆಂದು ಯಾರು ಬೇಕಾದರೂ ತೋರಿಸಿಕೊಡಬಹುದು, ಆ ನೋಟ ಹಾಗಿರಲಿಲ್ಲವೆಂದು ತೋರಿಸಿಕೊಡುವುದು ಹೇಗೆ?

ಈ ತೊಡಕು ಸಿನಿಮಾದವರಿಗೂ ಹಿಂದಿನಿಂದ ಗೊತ್ತಿತ್ತು. 1959ರ 'ಬೆನ್ ಹರ್' ಚಿತ್ರದಲ್ಲಿ ಕ್ರಿಸ್ತನ ಮುಖವನ್ನು ಒಮ್ಮೆಯೂ ತೋರಿಸಿಲ್ಲ. ಬೆನ್ನು, ಕೈ, ಎದುರಿಗಿದ್ದವರ ಮುಖಭಾವ, ಇವುಗಳಲ್ಲೇ ಕೆಲಸ ಮುಗಿಸಿದ್ದಾರೆ. ಬ್ರಿಟನ್ನಿನ ಚಿತ್ರ ಪರಿಶೀಲನಾ ಮಂಡಳಿಯು 1913ರಲ್ಲಿ ಕೆಲಸ ಆರಂಭಿಸಿದಾಗ ಅದಕ್ಕಿದ್ದ ನಿಷೇಧಗಳು ಎರಡೇ: ಬೆತ್ತಲೆ ದೇಹ ಮತ್ತು ಕ್ರಿಸ್ತನ ಪಾತ್ರ. ಅದೇ ವರ್ಷದ ಮೇ 3ರಂದು ನಮ್ಮ ಗಿರಗಾಂವ್‌ನ ಕಾರೊನೇಷನ್ ಚಿತ್ರಮಂದಿರದಲ್ಲಿ ಫಾಲ್ಕೆಯವರ 'ರಾಜಾ ಹರಿಶ್ಚಂದ್ರ' ತೆರೆಕಂಡಿತು. ಅದಕ್ಕೆ ಎರಡು ಮೂರು ವರ್ಷಗಳ ಹಿಂದೆ ಫಾಲ್ಕೆಯವರು ಇದೇ ಮುಂಬೈಯಲ್ಲಿ ಕ್ರಿಸ್ತನ ಜೀವನದ ಮೂಕಿಚಿತ್ರವೊಂದನ್ನು ನೋಡಿದ್ದರು. ತೆರೆಯ ಮೇಲೆ ಕ್ರಿಸ್ತನು ಓಡಾಡುತ್ತಿದ್ದಾಗ ತಮ್ಮ ಮನಸ್ಸಿಗೆ ಕೃಷ್ಣನೂ ರಾಮನೂ ಕಾಣಿಸುತ್ತಿದ್ದರೆಂದು ಮುಂದೆ ಅವರೇ ಬರೆದುಕೊಂಡರು. ಹೀಗೆ ನೋಡಿದರೆ ಭಾರತದ ಸಿನಿಮಾ ಹುಟ್ಟಿದ್ದೇ ನೀವು ಚರ್ಚಿಸುತ್ತಿರುವ ಜಾತಿಯ ಚಿತ್ರದಿಂದ. ಆ ಮುಖವು ನೋಡುವವನನ್ನು ಎಲ್ಲಿಗೆ ಕರೆದೊಯ್ಯುತ್ತದೆ ಎಂಬುದು ತಯಾರಿಸಿದವನ ಹಿಡಿತದಲ್ಲಿರುವುದಿಲ್ಲ. 1987ರಲ್ಲಿ ದೂರದರ್ಶನದಲ್ಲಿ 'ರಾಮಾಯಣ' ಬರುತ್ತಿದ್ದಾಗ ಟಿವಿಗೆ ಹೂವು ಏರಿಸಿ ಆರತಿ ಎತ್ತಿದವರನ್ನು ನಮ್ಮ ಓಣಿಯಲ್ಲೇ ಕಂಡಿದ್ದೇನೆ. ನಮಗೆ ಅದು ತಪ್ಪೆನಿಸಲಿಲ್ಲ. ನಿಮ್ಮ ಆಜ್ಞೆಯ ಲೆಕ್ಕದಲ್ಲಿ ಅದನ್ನು ಏನೆಂದು ಕರೆಯುವಿರೋ ನೀವೇ ಹೇಳಬೇಕು.

ಇನ್ನೊಂದು ಮಾತು: ಎಲ್ಲಿಂದಲೋ ಇಳಿಸಿಕೊಂಡ ಪ್ರತಿಯನ್ನು ಸಾರ್ವಜನಿಕವಾಗಿ ತೋರಿಸುವುದು ಕಾನೂನಿನ ಪ್ರಕಾರ ತಪ್ಪು. ದೇವಾಲಯಕ್ಕೂ ಅದರಿಂದ ವಿನಾಯಿತಿಯಿಲ್ಲ.

ವಿಕ್ರೋಳಿ ಅಕ್ಕ

ಎಲ್ಲರೂ ಓದಿದವರ ಲೆಕ್ಕದಲ್ಲಿಯೇ ಮಾತನಾಡುತ್ತಿದ್ದೀರಿ. ನಮ್ಮ ಅತ್ತೆಯವರು ಬೀದರ್ ಕಡೆಯವರು, ಅಕ್ಷರ ಬಲ್ಲವರಲ್ಲ. 1978ರ ತೆಲುಗು 'ಕರುಣಾಮಯುಡು' ಚಿತ್ರ ಹಿಂದಿಯಲ್ಲಿ 'ದಯಾಸಾಗರ್' ಎಂದು ಬಂದದ್ದು ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಅದನ್ನು ನಮ್ಮ ಚಾಳಿನ ಹಿಂದಿನ ಮೈದಾನದಲ್ಲಿ ಬಿಳಿ ಬಟ್ಟೆ ಕಟ್ಟಿ ತೋರಿಸಿದಾಗ ಅವರು ಕೊನೆಯವರೆಗೂ ನಿಂತೇ ನೋಡಿದರು. ಮರುದಿನದಿಂದ ರಾತ್ರಿ ಊಟವಾದ ಮೇಲೆ ಸತ್ಯವೇದವನ್ನು ಓದಿ ಹೇಳಬೇಕೆಂದು ನನ್ನ ಬೆನ್ನು ಬಿದ್ದರು. ಓದುತ್ತಾ ಹೋದಂತೆ 'ಇದು ಪಿಚ್ಚರಿನಲ್ಲಿ ಇರಲಿಲ್ಲವಲ್ಲ, ಯಾಕೆ ಬಿಟ್ಟರು' ಎಂದು ಅವರೇ ತಪ್ಪು ಹಿಡಿಯುತ್ತಿದ್ದರು. ಹೈಡಲ್‌ಬರ್ಗಿನ ಹಿರಿಯರು ನಮ್ಮ ಅತ್ತೆಯವರನ್ನು ಕಂಡಿದ್ದರೆ ಏನು ಹೇಳುತ್ತಿದ್ದರೋ ತಿಳಿಯದು. ಆರಂಭ ಪಿಚ್ಚರಿನಿಂದಾಯಿತು, ಆದರೆ ಅದು ಅಲ್ಲಿಗೇ ನಿಲ್ಲಲಿಲ್ಲ. ಓದಬಲ್ಲ ಮಕ್ಕಳು ಓದುವ ಬದಲಿಗೆ ನೋಡಿದರೆ ಅದು ಬೇರೆ ಮಾತು.

ನಿವೃತ್ತ ಸಭಾಪಾಲಕ, ಮುಂಬೈ

ವಿಕ್ರೋಳಿಯ ಸಹೋದರಿಯವರ ಮಾತಿನ ಮುಂದೆ ನನ್ನ 98ನೆಯ ಪ್ರಶ್ನೆ ಸ್ವಲ್ಪ ತಲೆ ತಗ್ಗಿಸಿದೆ ಎಂದು ಒಪ್ಪುತ್ತೇನೆ. ಆದರೂ ಒಂದು ಸಂಗತಿಯನ್ನು ಗಮನಿಸಬೇಕು: ಅವರ ಅತ್ತೆಯವರಿಗೆ ಆಮೇಲೆ ದಿನವೂ ದೊರೆತದ್ದು ಸೊಸೆಯ ಬಾಯಿಂದ ಬಂದ ವಾಕ್ಯವೇ.

ವಾಸ್ಕೋದ ಸಹೋದರರು ಕ್ರಿಸ್ತಪುರಾಣವನ್ನು ನೆನಪಿಸಿದ್ದಾರೆ. ನಮ್ಮವರೇ ಆದ ಕಿಟ್ಟೆಲ್ಲರು 1862ರಲ್ಲಿ 'ಕಥಾಮಾಲೆ'ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡ ಪದ್ಯದಲ್ಲಿ ಹಾಡಿದರು. ನಿಘಂಟಿನ ಕಿಟ್ಟೆಲ್ಲರನ್ನು ಬಲ್ಲವರಿಗೆ ಈ ಕಿಟ್ಟೆಲ್ಲರು ಅಷ್ಟಾಗಿ ಗೊತ್ತಿಲ್ಲ. ಆದರೆ ಓವಿಯಾಗಲಿ ಕನ್ನಡದ ಪದ್ಯವಾಗಲಿ ಕಿವಿಗೆ ಬಂದವು, ಯಾರ ಮುಖವನ್ನೂ ಆತನಿಗೆ ಅಂಟಿಸಲಿಲ್ಲ. ಅವುಗಳನ್ನು ಸಿನಿಮಾದ ಪಕ್ಕದಲ್ಲಿ ಕೂರಿಸುವುದು ಅಷ್ಟು ಸರಿಹೋಗದು. 'ಯೇಸುವಿಗೆ ಮುಖವಿತ್ತೆಂದು ನಂಬುತ್ತೀರಷ್ಟೆ' ಎಂದು ಕೇಳಿದಿರಿ. ಖಂಡಿತವಾಗಿ ನಂಬುತ್ತೇನೆ. ಇದ್ದ ಆ ಮುಖ ಹೇಗಿತ್ತೆಂದು ನಾಲ್ಕು ಸುವಾರ್ತೆಗಳಲ್ಲಿ ಒಂದೂ ಹೇಳದಿರುವುದರಿಂದಲೇ ಇನ್ನೊಬ್ಬನ ಮುಖವನ್ನು ಆ ಸ್ಥಳದಲ್ಲಿ ಇಡಲು ನನಗೆ ಅಂಜಿಕೆ. ನಮ್ಮ ಚರ್ಚೆಯಲ್ಲಿ ಪೇತ್ರನ ಕಡೆಗೆ ತಿರುಗಿದ ಆ ನೋಟವನ್ನು ಎತ್ತಿ ಹೇಳಿದವರು ಕ್ರೈಸ್ತರಲ್ಲದ ಸಂಕಲನಕಾರರು. ನಲವತ್ತು ವರ್ಷ ಪ್ರಸಂಗ ಮಾಡಿದ ನನಗೆ ಅದು ಹೊಳೆಯಲಿಲ್ಲ. ಅವರು ಕೇಳಿದ ಆರತಿಯ ಪ್ರಶ್ನೆಗೆ, ಹಿಜ್ಕೀಯನು ಸರ್ಪವನ್ನು ಒಡೆದ ಕಾರಣವೇ ಅದು ಎನ್ನುವುದಷ್ಟೇ ನನ್ನ ಉತ್ತರ.

ಅಂಕದ ವಿಷಯ: ಸೀಮೋನನನ್ನು ಬರೆದವರಿಗೆ ಅಷ್ಟು ಕೊಡಿ. ಉಳಿದದ್ದಕ್ಕೆ ಅಂಕ ಕಳೆಯುವ ಬದಲು 'ಯಾವ ವಚನ?' ಎಂದು ಪಕ್ಕದಲ್ಲಿ ಬರೆದು ಪತ್ರಿಕೆಯನ್ನು ಹಿಂದಿರುಗಿಸಿ, ಅವರೇ ಹುಡುಕಲಿ.

ಚಿಂಚವಾಡ ಶಿಕ್ಷಕ

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಮಿತಿಯ ಕೂಟ ಮುಗಿಯಿತು. ಶುಭ ಶುಕ್ರವಾರದಂದು ಚಿತ್ರವನ್ನು ತೋರಿಸುವುದಿಲ್ಲ. ಅದರ ಬದಲಿಗೆ ಲೂಕ 22 ಮತ್ತು 23, ಒಟ್ಟು 127 ವಚನಗಳನ್ನು, ಯುವಜನರೇ ಎಂಟು ಮಂದಿ ಹಂಚಿಕೊಂಡು ನಡುವೆ ವಿವರಣೆಯಿಲ್ಲದೆ ಓದುತ್ತಾರೆ; ಪೇತ್ರನ ವಚನ ಮುಗಿದ ಮೇಲೆ ಸ್ವಲ್ಪ ಹೊತ್ತು ಮೌನವಿರಬೇಕೆಂದು ಕೇಳಿಕೊಂಡಿದ್ದೇನೆ. ಹುಡುಗರು ಮುಖ ಸಣ್ಣದು ಮಾಡಿಕೊಂಡರು. ಅದಕ್ಕಾಗಿ ಈಸ್ಟರ್ ಆದ ಮೇಲೆ ಒಂದು ಶನಿವಾರ, ಸಭಾಮಂದಿರದಲ್ಲಲ್ಲ, ಒಬ್ಬ ಹಿರಿಯರ ಮನೆಯಲ್ಲಿ, 1979ರ 'ಜೀಸಸ್' ಚಿತ್ರದ ಕನ್ನಡ ರೂಪವನ್ನು ನೋಡೋಣವೆಂದು ಹೇಳಿದ್ದೇನೆ. ಅದರ ಕಥೆಯೂ ಮಾತೂ ಬಹುಮಟ್ಟಿಗೆ ಲೂಕನದ್ದೇ. ಎರಡು ಸಾವಿರಕ್ಕೂ ಹೆಚ್ಚು ಭಾಷೆಗಳಿಗೆ ಹೋಗಿರುವ ಚಿತ್ರವಾದ್ದರಿಂದ ತುಟಿಗೆ ಕೂರಿಸಿದ ಮಾತು ಎಲ್ಲೆಲ್ಲಿ ಸತ್ಯವೇದದಿಂದ ಸರಿದಿದೆ ಎಂದು ಪುಸ್ತಕ ತೆರೆದಿಟ್ಟುಕೊಂಡೇ ನೋಡುವ ಯೋಚನೆಯಿದೆ. ಇದಕ್ಕೂ ಇಬ್ಬರು ಹಿರಿಯರ ಒಪ್ಪಿಗೆಯಿಲ್ಲ; ಅವರು ಬರುವುದಿಲ್ಲವೆಂದು ಮೊದಲೇ ತಿಳಿಸಿದ್ದಾರೆ. ಅವರನ್ನು ಒತ್ತಾಯಿಸುವ ಮನಸ್ಸು ನನಗಿಲ್ಲ.

ಅಯ್ಯನವರು ಹೇಳಿದಂತೆ 'ಯಾವ ವಚನ?' ಎಂದು ಬರೆದು ಪತ್ರಿಕೆಗಳನ್ನು ಹಿಂದಿರುಗಿಸಿದ್ದೆ. ಕಾಗೆಯನ್ನು ಬರೆದ ಹುಡುಗಿ ಈ ಭಾನುವಾರ ಆರಾಧನೆ ಮುಗಿದ ಕೂಡಲೇ ಸತ್ಯವೇದವನ್ನು ತೆರೆದುಕೊಂಡೇ ಬಂದಳು. 'ಸರ್, 23ರಲ್ಲಿ ಎಲ್ಲಿಯೂ ಸಿಗಲಿಲ್ಲ, ಆದರೆ ಲೂಕ 12ರ 24ರಲ್ಲಿ ಕಾಗೆಗಳಿವೆ, ಅವು ಬಿತ್ತುವುದಿಲ್ಲ, ಕೊಯ್ಯುವುದಿಲ್ಲ, ದೇವರು ಅವುಗಳನ್ನು ಸಾಕುತ್ತಾನೆ' ಎಂದಳು. ಅರ್ಧ ಅಂಕ ಕೊಟ್ಟಿದ್ದೇನೆ.